ಗೋಡೆಯಕ್ಕನ ಕೋಲು

ಮ್ಯಾನ್‌ಹೋಲಿನ ಮುಚ್ಚಳವನ್ನು ಎಲ್ಲರೂ ನೋಡಿರುತ್ತಾರೆ, ಒಳಗಿನ ಗೋಡೆಯನ್ನು ನೋಡಿದವರು ಬೆರಳೆಣಿಕೆಯಷ್ಟು ಜನ. ನೋಡುವ ಆಸೆ ಯಾರಿಗೂ ಇರುವುದಿಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಹೆಂಗಸು ಇಪ್ಪತ್ತೆಂಟು ವರ್ಷ ಆ ಗೋಡೆಗಳನ್ನೇ ನೋಡಿ, ಸವರಿ, ತಟ್ಟಿ ಬದುಕಿದವಳು. ಜೊತೆಯಲ್ಲಿ ಕೆಲಸ ಮಾಡುವವರು ಅವಳನ್ನು ಗೋಡೆಯಕ್ಕ ಎನ್ನುತ್ತಿದ್ದರು. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ಬ್ಯಾಂಕಿನಲ್ಲಿ ನಿಜವಾದ ಹೆಸರು ಹಿಡಿದು ಕೂಗಿದರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಸುಮ್ಮನೆ ಕೂತಿರುವಷ್ಟು ಆ ಹೆಸರು ಅಂಟಿಕೊಂಡಿತು.

ಮನೆಗಳಿಗೆ ಗಾರೆ ಮಾಡುತ್ತಿದ್ದವಳು ಒಳಚರಂಡಿ ರಿಪೇರಿಯ ಕಂಪನಿಗೆ ಸೇರಿದ್ದು ಗಂಡ ತೀರಿಕೊಳ್ಳುವುದಕ್ಕೂ ಎಷ್ಟೋ ವರ್ಷ ಮುಂಚೆ. ಆಗೆಲ್ಲ ಕೆಟ್ಟ ಮ್ಯಾನ್‌ಹೋಲ್ ಎಂದರೆ ರಸ್ತೆ ಅಗೆದು, ಹಳೆಯದನ್ನು ಕಿತ್ತು, ಹೊಸದು ಕಟ್ಟುವುದು. ಈಗ ಅಗೆಯುವುದಿಲ್ಲ. ಮುಚ್ಚಳದ ಬಾಯಿಂದಲೇ ಒಳಗಿಳಿದು, ಗೋಡೆಯನ್ನು ತೊಳೆದು, ಸೋರುವ ಜಾಗ ಹುಡುಕಿ ಅಂಟು ತುಂಬಿ, ಕೊನೆಗೆ ತಿರುಗುವ ಮೂತಿಯೊಂದನ್ನು ಇಳಿಬಿಟ್ಟರೆ ಅದು ಸುತ್ತಲೂ ಸಿಮೆಂಟಿನ ಗಾರೆಯನ್ನು ಉಗುಳುತ್ತ ಮೇಲೆ ಬರುತ್ತದೆ. ಹಳೆಯ ಗೋಡೆಯ ಒಳಗೆ ಹೊಸ ಗೋಡೆ. ಮೂತಿ ಎಲ್ಲಿಗೆ ಬೇಕಾದರೂ ಉಗುಳುತ್ತದೆ, ಅದಕ್ಕೆ ಬುದ್ಧಿ ಇಲ್ಲ. ಹಿಂದಿನ ಇಟ್ಟಿಗೆ ಗಟ್ಟಿಯೋ ಟೊಳ್ಳೋ ಎಂದು ಹೇಳುವವರು ಬೇಕು. ಸಣ್ಣ ಸುತ್ತಿಗೆಯಲ್ಲಿ ತಟ್ಟಿ, ತಲೆ ಓರೆ ಮಾಡಿ ಕೇಳಿ, "ಇಲ್ಲಿ ಟೊಳ್ಳು" ಎಂದು ಗೋಡೆಯಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಮುಗಿಯಿತು, ಅದಕ್ಕೆ ಎದುರು ಮಾತಾಡಿದವರಿಲ್ಲ.

ಈ ಸಲ ಸಿಕ್ಕಿದ್ದು ಜೌಗಿನ ಕೆಲಸ. ಊರಾಚೆ ದೊಡ್ಡ ಜೌಗು, ಆಳೆತ್ತರದ ಜೊಂಡು, ಅದರೊಳಗೆ ಗೂಡು ಕಟ್ಟುವ ನೀರುಹಕ್ಕಿಗಳು. ಯಾವ ಕಾಲದಲ್ಲಿ ಯಾವ ಮಹಾನುಭಾವ ತೀರ್ಮಾನ ಮಾಡಿದನೋ, ಊರಿನ ಕೊಳೆನೀರಿನ ಪೈಪು ಆ ಜೌಗಿನ ನಡುವೆಯೇ ಹಾದುಹೋಗುತ್ತಿತ್ತು. ಪೈಪಿನ ಮೇಲೆ ಏಳು ಮ್ಯಾನ್‌ಹೋಲು. ಏಳಕ್ಕೆ ಏಳೂ ಇಟ್ಟಿಗೆ ಕೊಳೆತು ಜೌಗಿಗೆ ಸೋರುತ್ತಿದ್ದವು. ಹಕ್ಕಿಗಳು ಮೊಟ್ಟೆಯಿಡುವ ಮುಂಚೆ ಏಳೂ ಮುಗಿಯಬೇಕು. ಇಲ್ಲದಿದ್ದರೆ ಮರಿಗಳು ಹಾರುವವರೆಗೆ ನಾಲ್ಕು ತಿಂಗಳು ಒಳಗೆ ಹೆಜ್ಜೆ ಇಡುವಂತಿಲ್ಲ, ಆ ನಾಲ್ಕು ತಿಂಗಳೂ ಕೊಳೆನೀರು ಗೂಡುಗಳ ಬುಡಕ್ಕೆ ಹರಿಯುತ್ತಿರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ರಿಪೇರಿ ಸೋತರೆ ಜೌಗನ್ನು ಉದ್ದಕ್ಕೂ ಸೀಳಿ ಹೊಸ ಪೈಪು ಹಾಕುವ ಯೋಜನೆಯೊಂದು ಕಚೇರಿಯ ಮೇಜಿನ ಮೇಲೆ ಸಹಿಗಾಗಿ ಕಾಯುತ್ತಿತ್ತು.

ಜೌಗಿನ ಕಾವಲು ಹಕ್ಕಿ ಮೇಷ್ಟ್ರದು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಈಗ ದುರ್ಬೀನು ನೇತುಹಾಕಿಕೊಂಡು ಜೊಂಡಿನ ನಡುವೆ ಓಡಾಡುತ್ತಿದ್ದರು. ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಒಪ್ಪಿಸಿದರು. ಹಲಗೆ ದಾರಿ ಬಿಟ್ಟು ಕಾಲು ಕೆಳಗಿಡಬಾರದು. ತೊಳೆದ ನೀರು ಒಂದು ಹನಿ ಚೆಲ್ಲಬಾರದು, ಡ್ರಮ್ಮಿಗೆ ಹೀರಿಕೊಂಡು ಹೊರಗೆ ಸಾಗಿಸಬೇಕು. ಮೂರನೆಯ ಮ್ಯಾನ್‌ಹೋಲಿನಿಂದ ಆಚೆಗೆ ಸುತ್ತಿಗೆ ಇಲ್ಲ, ಸೀಟಿ ಇಲ್ಲ, ಕೂಗಾಟ ಇಲ್ಲ.

"ಮೊದಲ ಮೊಟ್ಟೆ ಕಣ್ಣಿಗೆ ಬಿದ್ದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಗೇಟಿಗೆ ಬೀಗ. ನನ್ನ ಹತ್ರ ಕಾಡಿ ಬೇಡಿ ಪ್ರಯೋಜನ ಇಲ್ಲ, ಮೊಟ್ಟೆ ಇಡೋಳನ್ನೇ ಹೋಗಿ ಕೇಳ್ಕೊಳ್ಳಿ" ಎಂದರು.

ಎಲ್ಲರೂ ನಕ್ಕರು. ಗೋಡೆಯಕ್ಕನೂ ನಕ್ಕಳು, ಉಳಿದವರು ನಕ್ಕದ್ದನ್ನು ನೋಡಿ ಒಂದು ಗಳಿಗೆ ತಡವಾಗಿ. ಅವಳಿಗೆ ಆ ಮಾತು ಕೇಳಿಸಿರಲಿಲ್ಲ.

ಎರಡು ವರ್ಷದಿಂದ ಅವಳ ಕಿವಿ ಮಂದವಾಗುತ್ತ ಬಂದಿತ್ತು. ಮೊದಲು ಎಡಗಿವಿ, ಆಮೇಲೆ ಬಲಗಿವಿ. ಜನರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತುಕೊಂಡಿದ್ದಳು. ಅರ್ಥವಾಗದಿದ್ದರೆ "ಹೂಂ, ಆಯ್ತು ಬಿಡಿ" ಎಂದುಬಿಡುತ್ತಿದ್ದಳು, ಹೆಚ್ಚು ಕಡಿಮೆ ಎಲ್ಲ ಮಾತಿಗೂ ಅದು ಹೊಂದುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಕಂಪನಿಯ ನಿಯಮ ಅವಳಿಗೆ ಬಾಯಿಪಾಠ: ಮೇಲಿನಿಂದ ಕೂಗಿದ್ದು ಕೇಳದವರು ಕೆಳಗೆ ಇಳಿಯುವಂತಿಲ್ಲ. ಕೆಳಗೆ ಇಳಿಯದ ಗೋಡೆಯಕ್ಕ ಎಂದರೆ ಏನರ್ಥ? ಮನೆಯಲ್ಲಿ ಕೂತು ಸುಣ್ಣ ಬಳಿದ ಗೋಡೆ ನೋಡುತ್ತಿರಬೇಕಷ್ಟೆ. ಅದನ್ನು ನೆನೆಸಿಕೊಂಡರೇ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮೂರನೆಯ ಮ್ಯಾನ್‌ಹೋಲಿನಲ್ಲಿ ಬಂಡವಾಳ ಬಯಲಾಗುವುದರಲ್ಲಿತ್ತು. ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿದಳು, ಎಲ್ಲ ಕಡೆಯೂ ಒಂದೇ ಸದ್ದು. ಸದ್ದೆನ್ನುವುದಕ್ಕಿಂತ ಸದ್ದಿನ ನೆರಳು. "ಎಲ್ಲ ಗಟ್ಟಿ" ಎಂದು ಹೇಳಿ ಮೇಲೆ ಬಂದಳು. ಗಾರೆ ಉಗುಳಿಸಿದ ಮಾರನೆಯ ದಿನ ಗಾಳಿ ಪರೀಕ್ಷೆ. ಪೈಪಿನ ಬಾಯಿಗಳಿಗೆ ತಡೆ ಹಾಕಿ, ಮ್ಯಾನ್‌ಹೋಲಿನ ಬಾಯಿ ಬಿಗಿದು ಒಳಗಿನ ಗಾಳಿಯನ್ನು ಹೊರಗೆಳೆಯುತ್ತಾರೆ. ಗೇಜಿನ ಮುಳ್ಳು ಒಂದು ನಿಮಿಷ ಹತ್ತರಿಂದ ಒಂಬತ್ತಕ್ಕೆ ಇಳಿಯದೆ ನಿಂತರೆ ಪಾಸು. ಅವತ್ತು ಮುಳ್ಳು ಜಾರಿದ ಹಾಗೆ ಜಾರಿ ನಾಲ್ಕಕ್ಕೆ ಬಂದು ಕೂತಿತು. ಒಂದು ಪಾರ್ಶ್ವಕ್ಕೆ ಪಾರ್ಶ್ವವೇ ಟೊಳ್ಳಿತ್ತು. ಕಿತ್ತು ಮತ್ತೆ ಮಾಡುವುದರಲ್ಲಿ ಎರಡು ದಿನ ಹೋಯಿತು. ಕೆಲಸದ ಉಸ್ತುವಾರಿಯ ಇಂಜಿನಿಯರಮ್ಮ ಬೈಯಲಿಲ್ಲ. ಮೂವತ್ತರ ಆಸುಪಾಸಿನ, ಅಳೆದು ತೂಗಿ ಮಾತಾಡುವ ಹೆಂಗಸು ಆಕೆ. "ಎಲ್ರಿಗೂ ಆಗುತ್ತೆ ಅಕ್ಕ" ಎಂದು ಸುಮ್ಮನಾದಳು. ಬೈದಿದ್ದರೆ ವಾಸಿಯಿತ್ತು.

ಆ ಭಾನುವಾರ ಮನೆಯಲ್ಲಿ ಅತ್ತೆ ಕಾಲಲ್ಲಿ ತುಳಿಯುವ ಹೊಲಿಗೆ ಮಿಷಿನ್ ಮುಂದೆ ಕೂತು ದಿಂಬಿನ ಕವರು ಹೊಲಿಯುತ್ತಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಕಣ್ಣು ಸೂಜಿಗಿಂತ ಚೂಪು, ನಾಲಿಗೆ ಕಣ್ಣಿಗಿಂತ ಚೂಪು. ಗೋಡೆಯಕ್ಕ ಬಟ್ಟೆ ಅಳೆದುಕೊಡಲು ಬಗ್ಗಿದವಳು, ಎರಡೂ ಕೈಯಲ್ಲಿ ಬಟ್ಟೆ ಹಿಡಿದಿದ್ದರಿಂದ ಮರದ ಅಳತೆಪಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಪಟ್ಟಿಯ ತುದಿ ಮಿಷಿನ್ನಿನ ಹಲಗೆಗೆ ತಾಗಿತು. ಟಕಟಕಟಕಟಕ! ಇಡೀ ಮಿಷಿನ್ನೇ ತಲೆಯೊಳಗೆ ಓಡಿದಂತಾಯಿತು. ಗಾಬರಿಯಲ್ಲಿ ಬಟ್ಟೆ ಕೈಬಿಟ್ಟಳು. ಪಟ್ಟಿ ಎತ್ತಿದಳು, ನಿಶ್ಶಬ್ದ. ತಾಗಿಸಿದಳು, ಟಕಟಕಟಕ.

"ಅತ್ತೆ, ಇನ್ನೊಂದ್ಸಲ ತುಳೀರಿ."

"ಏನೇ ಇದು, ಬಾಯಲ್ಲಿ ಕೇಳಿಸ್ಕೊಳ್ತಿದೀಯಾ? ಇನ್ನು ಕಿವೀಲಿ ಊಟ ಮಾಡೋದೊಂದು ಬಾಕಿ" ಎಂದಳು ಅತ್ತೆ. ಆಮೇಲೆ ಕಾಲು ನಿಲ್ಲಿಸಿ, ಸೊಸೆಯ ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. "ನಿನಗೆ ಕಿವಿ ಕೇಳಲ್ಲ ಅಂತ ನನಗೆ ಯಾವತ್ತೋ ಗೊತ್ತು. ನಾನು ಬೈದಾಗ ಎದುರು ಮಾತಾಡೋದನ್ನ ನಿಲ್ಲಿಸ್ದೆಯಲ್ಲ, ಆವತ್ತೇ ಗೊತ್ತಾಯ್ತು. ಡಾಕ್ಟರ ಹತ್ರ ಹೋಗು."

ಡಾಕ್ಟರು ಒಂದು ಕವಲಿನ ಕಬ್ಬಿಣದ ಕಡ್ಡಿಯನ್ನು ಮಿಡಿದು ಕಿವಿಯ ಮುಂದೆ ಹಿಡಿದರು, ಕೇಳಿಸಲಿಲ್ಲ. ಕಿವಿಯ ಹಿಂದಿನ ಮೂಳೆಗೆ ಒತ್ತಿದರು, ಗುಂಯ್ ಎಂದಿತು. ಒಳಗಿನ ಒಂದು ಸಣ್ಣ ಮೂಳೆ ಗಟ್ಟಿಯಾಗಿ ಗಾಳಿಯಲ್ಲಿ ಬರುವ ಸದ್ದಿಗೆ ಬಾಗಿಲು ಹಾಕಿಕೊಂಡಿದೆ, ಮೂಳೆಯ ದಾರಿಯಲ್ಲಿ ಬಂದರೆ ಈಗಲೂ ಕೇಳುತ್ತದೆ, ಆಪರೇಷನ್ ಮಾಡಿದರೆ ಸರಿಹೋಗಬಹುದು ಎಂದರು. ಗೋಡೆಯಕ್ಕ "ಹೂಂ, ಆಯ್ತು ಬಿಡಿ" ಎಂದು ಹೊರಟಳು. ಆಪರೇಷನ್ ಎಂದರೆ ರಜೆ, ರಜೆ ಕೇಳಿದರೆ ಕಾರಣ ಹೇಳಬೇಕು.

ಮನೆಗೆ ಬಂದು ಒಂದು ಮೊಳದ ಗಟ್ಟಿ ಮರದ ಕೋಲು ಕೆತ್ತಿದಳು. ಗೋಡೆಯ ಕಡೆಗೆ ಕಬ್ಬಿಣದ ಮೊಳೆಯ ತುದಿ, ಬಾಯಿಯ ಕಡೆಗೆ ಕೆಂಪು ದಾರದ ಸುತ್ತು, ಮರೆತೂ ಅದಲು ಬದಲಾಗಬಾರದು ನೋಡಿ. ದಿನಾ ಕುದಿಯುವ ನೀರಿನಲ್ಲಿ ಅದ್ದಿ, ಒಗೆದ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಒಯ್ಯುತ್ತಿದ್ದಳು. ನಾಲ್ಕು, ಐದು, ಆರು. ಮೂರೂ ಮ್ಯಾನ್‌ಹೋಲುಗಳಲ್ಲಿ ಮೇಲಿನವರಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು, ಕೋಲನ್ನು ಕಚ್ಚಿ, ಬೆರಳಿನ ಗೆಣ್ಣಿನಲ್ಲಿ ಗೋಡೆಯನ್ನು ಮೆಲ್ಲಗೆ ತಟ್ಟಿದಳು. ಗಟ್ಟಿ ಇಟ್ಟಿಗೆ ಚುಟುಕಾಗಿ ಉತ್ತರ ಕೊಡುತ್ತಿತ್ತು, ಟೊಳ್ಳು ಗುಣುಗುತ್ತಿತ್ತು. ಸುತ್ತಿಗೆ ನಿಷೇಧವಾಗಿದ್ದೂ ಅವಳಿಗೆ ಅನುಕೂಲವೇ ಆಯಿತು. ಕೂಗುವಂತಿಲ್ಲವೆಂದು, ಮೇಲೆ ರಾಟೆಯ ಹತ್ತಿರ ನಿಂತು ಇಳಿದವರನ್ನು ಕಾಯುವ ರಾಟೆಯಣ್ಣ ಅವಳ ಸೊಂಟಕ್ಕೆ ಕಟ್ಟಿದ ಹಗ್ಗ ಜಗ್ಗಿಯೇ ಮಾತಾಡುತ್ತಿದ್ದ. ಒಂದು ಜಗ್ಗಿದರೆ ಕ್ಷೇಮವೇ, ಎರಡಕ್ಕೆ ಸಾಮಾನು ಬಂತು, ಮೂರಕ್ಕೆ ಮೇಲೆ ಬಾ. ಮೂರೂ ಮ್ಯಾನ್‌ಹೋಲು ಮೊದಲ ಪರೀಕ್ಷೆಯಲ್ಲೇ ಪಾಸಾದವು.

ಉಳಿದದ್ದು ಏಳನೆಯದು, ಜೊಂಡಿನ ನಟ್ಟನಡುವೆ, ಹನ್ನೆರಡು ಅಡಿ ಆಳ.

ಆ ಬೆಳಿಗ್ಗೆ ಹಕ್ಕಿ ಮೇಷ್ಟ್ರು ಮುಖ ಗಂಟು ಹಾಕಿಕೊಂಡು ಬಂದರು. ಗೂಡುಗಳಲ್ಲಿ ಹೆಣ್ಣುಹಕ್ಕಿಗಳು ಕೂತು ಕೂತು ಏಳುತ್ತಿವೆ, ಹೆಚ್ಚೆಂದರೆ ಮೂರು ದಿನ ಎಂದರು. ಇಂಜಿನಿಯರಮ್ಮ ಬೆರಳು ಮಡಚಿದಳು. ಇವತ್ತು ಗಾರೆ ಉಗುಳಿಸಿದರೆ ನಾಳೆ ಪರೀಕ್ಷೆ, ಒಂದು ದಿನ ಕೈಯಲ್ಲಿ ಉಳಿಯುತ್ತದೆ. ಕ್ಯಾಮೆರಾ ಇಳಿಸಿ ನೋಡಿದ್ದಳು, ತೊಳೆದ ಗೋಡೆ ಒಣಗಿ ಚೊಕ್ಕಟವಾಗಿತ್ತು. ಗೋಡೆಯಕ್ಕ ಒಂದು ಸುತ್ತು ನೋಡಿ ಬಂದರೆ ಶುರು ಮಾಡಬಹುದು.

ಗ್ಯಾಸ್ ಮೀಟರು ಎದೆಗೆ ಸಿಕ್ಕಿಸಿಕೊಂಡು, ಗಾಳಿಯ ಕೊಳವೆಯ ಪಕ್ಕದಲ್ಲಿ ಅವಳು ಇಳಿದಳು. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಗೇಣು ಗೇಣು ಬಿಟ್ಟು ಕೋಲು ಇಟ್ಟಳು. ಎಲ್ಲ ಗಟ್ಟಿ. ಎಂಟಡಿ ಕೆಳಗೆ, ಪೈಪಿನ ಬಾಯಿಗಿಂತ ಮೇಲೆ ಎಡಕ್ಕೆ, ಹಿಂದೆ ಯಾರೋ ಮೆತ್ತಿದ್ದ ಹಳೆಯ ಗಾರೆಯ ತೇಪೆ ಇತ್ತು. ನೋಡಲು ಅಚ್ಚುಕಟ್ಟು. ಅದರ ಮೇಲೆ ಕೋಲಿಟ್ಟಳು. ತಟ್ಟುವ ಮೊದಲೇ ಸದ್ದು ಬಂತು, ಜುಳುಜುಳು ಅಲ್ಲ, ನಲ್ಲಿ ಸರಿಯಾಗಿ ನಿಲ್ಲಿಸದೆ ಬಿಟ್ಟಾಗ ಬರುವಂಥ ತೆಳು ಸಿಳ್ಳು. ತೇಪೆಯ ಹಿಂದೆ ನೀರು ಓಡುತ್ತಿತ್ತು. ಹೊರಗೆ ಎಲ್ಲೂ ಹನಿಯದೆ ಗೋಡೆಯ ಬೆನ್ನಲ್ಲೇ ಇಳಿದು ಬುಡಕ್ಕೆ ಸೇರುತ್ತಿತ್ತು.

ಮೇಲೆ ಬಂದು ಹೇಳಿದಳು. "ಮೇಡಂ, ಇವತ್ತು ಬೇಡ. ತೇಪೆ ಹಿಂದೆ ನೀರು ಓಡ್ತಿದೆ. ಬಿಚ್ಚಬೇಕು."

ಇಂಜಿನಿಯರಮ್ಮ ಕ್ಯಾಮೆರಾದ ಚಿತ್ರ ತೋರಿಸಿದಳು. "ಎಲ್ಲಿದೆ ಅಕ್ಕ ನೀರು? ಒಂದು ತೇವದ ಗುರುತೂ ಇಲ್ಲ."

"ಕಣ್ಣಿಗೆ ಕಾಣಲ್ಲ. ಆದ್ರೆ ಇದೆ."

"ಮತ್ತೆ ಹೇಗೆ ಗೊತ್ತಾಯ್ತು?"

ಗೋಡೆಯಕ್ಕ ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಒತ್ತಿ ಬಿಗಿ ಮಾಡಿದಳು.

"ಅಕ್ಕ, ಬೇಜಾರು ಮಾಡ್ಕೋಬೇಡಿ" ಎಂದಳು ಇಂಜಿನಿಯರಮ್ಮ. "ಮೂರನೇದರಲ್ಲಿ ಸರಿ ಇದೆ ಅಂದ್ರಿ, ಸೋರ್ತು. ಇಲ್ಲಿ ಸರಿ ಇರೋದನ್ನ ಸರಿ ಇಲ್ಲ ಅಂತೀರಿ. ನಾನು ಯಾವುದನ್ನ ನಂಬ್ಲಿ? ಬಿಚ್ಚೋಕೆ ಕೂತ್ರೆ ಇವತ್ತಿನ ದಿನ ಹೋಗುತ್ತೆ. ಬಿಚ್ಚಿದ ಮೇಲೆ ಏನೂ ಇಲ್ಲ ಅಂದ್ರೆ?"

ನ್ಯಾಯವಾದ ಮಾತು. ಗೋಡೆಯಕ್ಕನಿಗೆ ಒಂದು ಗಳಿಗೆ ಆಸೆ ಹುಟ್ಟಿತು, ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. "ಹೂಂ, ಆಯ್ತು ಬಿಡಿ" ಎಂದರೆ ಸಾಕು. ಗಾರೆ ಉಗುಳಿಸುತ್ತಾರೆ, ಸೋರಿದರೆ ಕ್ಯಾಮೆರಾದ ತಪ್ಪು, ತನ್ನ ಗುಟ್ಟು ತನ್ನ ಡಬ್ಬಿಯಲ್ಲಿ ಭದ್ರ. ಆದರೆ ತನ್ನ ಬಾಯಿಂದಲೇ ಮೂರನೆಯದು ಸೋರಿದ್ದು, ಎರಡು ದಿನ ಹೋದದ್ದು, ಈಗಿನ ಈ ಆತುರಕ್ಕೆ ಆ ಎರಡು ದಿನವೇ ಕಾರಣವೆನ್ನುವುದು ಅವಳಿಗೆ ಗೊತ್ತಿತ್ತು. ಇದನ್ನೂ ಹಾಗೆ ಬಿಟ್ಟರೆ ಹಾರೆ, ಗುದ್ದಲಿ, ಯಂತ್ರ ಎಲ್ಲ ಬಂದು ಜೊಂಡನ್ನು ಸೀಳುತ್ತವೆ. ಇಪ್ಪತ್ತೆಂಟು ವರ್ಷದಲ್ಲಿ ಅವಳು ತಪ್ಪು ಹೇಳಿದ್ದು ಒಂದೇ ಒಂದು ಗೋಡೆಯ ಬಗ್ಗೆ. ಎರಡಾಗಲು ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದಳು.

"ಮೇಡಂ, ಮೂರನೇದರಲ್ಲಿ ನನಗೆ ಕೇಳಿಸ್ಲಿಲ್ಲ. ನನಗೆ ಕಿವಿ ಕೇಳಲ್ಲ. ಎರಡು ವರ್ಷ ಆಯ್ತು."

ಮೊದಲು ಬಾಯಿ ಬಿಟ್ಟವನು ರಾಟೆಯಣ್ಣ. ಹದಿನಾರು ವರ್ಷ ಅವಳ ಹಗ್ಗ ಹಿಡಿದವನು. ಅವನ ಮುಖ ಕೆಂಪಾಗಿತ್ತು. "ನಾನು ಮೇಲಿಂದ ಕೂಗಿದ್ರೆ ನಿನಗೆ ಕೇಳ್ತಿರ್ಲಿಲ್ವಾ? ಎರಡು ವರ್ಷದಿಂದ? ಗ್ಯಾಸ್ ಬಂದಿದ್ರೆ ಏನಾಗ್ತಿತ್ತೇ ನಿನ್ನ ಗತಿ? ಅದನ್ನ ನೋಡ್ಕೊಂಡು ನನ್ನ ಗತಿ ಏನಾಗ್ತಿತ್ತು?"

"ತಪ್ಪಾಯ್ತು ಕಣಣ್ಣ" ಎಂದಳು ಗೋಡೆಯಕ್ಕ. ನೆಪ ಹೇಳಲಿಲ್ಲ. "ಬೈಯೋದು ಆಮೇಲೆ ಎಷ್ಟಿದ್ರೂ ಬೈ. ಮೊದಲು ಆ ಗೋಡೆ." ಡಬ್ಬಿ ತೆರೆದು ಕೋಲು ತೋರಿಸಿ ನಡೆದದ್ದನ್ನೆಲ್ಲ ಹೇಳಿದಳು, ಹೊಲಿಗೆ ಮಿಷಿನ್ನಿನಿಂದ ಹಿಡಿದು ಆರನೆಯ ಮ್ಯಾನ್‌ಹೋಲಿನವರೆಗೆ.

ಇಂಜಿನಿಯರಮ್ಮ ಕೋಲನ್ನೂ ಅವಳನ್ನೂ ನೋಡಿದಳು. "ಅಕ್ಕ, ಇನ್ಮೇಲೆ ನೀವು ಕೆಳಗೆ ಇಳಿಯೋ ಹಾಗಿಲ್ಲ. ಅದು ನಿಮಗೂ ಗೊತ್ತು."

"ಗೊತ್ತು. ಅದಕ್ಕೇ ಎರಡು ವರ್ಷ ಹೇಳ್ಲಿಲ್ಲ. ಈಗ ನೀವು ಇಳೀರಿ. ನೀವೇ ಕೇಳಿ."

"ಚರಂಡಿ ಗೋಡೇಲಿ ಕೋಲು ಬಾಯಲ್ಲಿ ಕಚ್ಕೊಂಡಾ?" ಇಂಜಿನಿಯರಮ್ಮನ ಮೂಗು ತಾನಾಗಿ ಸಿಂಡರಿಸಿತು.

"ಕೆಂಪು ದಾರದ ಕಡೆ ಬಾಯಿ, ಮೊಳೆ ಕಡೆ ಗೋಡೆ. ಇನ್ನೊಂದು ಹೊಸದು ಕೆತ್ತಿಟ್ಟಿದೀನಿ, ಯಾರೂ ಕಚ್ಚಿಲ್ಲ." ಡಬ್ಬಿಯ ತಳದಿಂದ ಅದನ್ನು ತೆಗೆದುಕೊಟ್ಟಳು. ಇಂಥ ಒಂದು ದಿನ ಬರುತ್ತದೆಂದು ಯಾವಾಗಲೋ ಕೆತ್ತಿಟ್ಟಿದ್ದಳೋ ಏನೋ, ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ಇಂಜಿನಿಯರಮ್ಮ ಇಳಿದಳು. ರಾಟೆಯಣ್ಣನ ಹಿಂದೆ ನಿಂತು ಗೋಡೆಯಕ್ಕ ಬಗ್ಗಿ ನೋಡಿದಳು. ಕೆಳಗೆ ಹೆಲ್ಮೆಟ್ಟಿನ ಬೆಳಕು ತೇಪೆಯ ಮುಂದೆ ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತು. ಆಮೇಲೆ ಪಕ್ಕಕ್ಕೆ ಸರಿದು, ತಿರುಗಿ ತೇಪೆಗೇ ಬಂತು. ಮೇಲೆ ಬಂದಾಗ ಕೋಲು ಇನ್ನೂ ಬಾಯಲ್ಲೇ ಇತ್ತು, ತೆಗೆಯುವುದನ್ನೇ ಮರೆತಿದ್ದಳು.

"ಓಡ್ತಿದೆ" ಎಂದಳು, ಗೋಡೆಯಕ್ಕನಿಗೆ ತುಟಿ ಕಾಣುವಂತೆ. "ಸೀಮೆಸುಣ್ಣದ ಗುರುತು ಹಾಕಿದೀನಿ. ಬಿಚ್ಚೋಣ."

ಬಿಚ್ಚಲು ಇಳಿದವನು ರಾಟೆಯಣ್ಣ. ಹಿಂದೆ ಅವನೂ ಗಾರೆಯವನೇ. ಸದ್ದಾಗದ ಹಾಗೆ ಒದ್ದೆ ಗೋಣಿ ಹೊದಿಸಿ, ಉಳಿಯನ್ನು ಅಂಗೈಯಲ್ಲೇ ಒತ್ತಿ ಒತ್ತಿ ತೇಪೆ ಕೆರೆಯಬೇಕಾಯಿತು. ಅವನ ಹಗ್ಗ ಗೋಡೆಯಕ್ಕನ ಕೈಗೆ ಬಂತು. ಕೂಗಿನ ಹಂಗಿಲ್ಲ, ಹಗ್ಗಕ್ಕೆ ಕಿವಿ ಬೇಕಾಗಿಲ್ಲ. ಪಕ್ಕದಲ್ಲಿ ಕಿವಿಯಾಗಿ ಇಂಜಿನಿಯರಮ್ಮ ನಿಂತಿದ್ದಳು. ಅಷ್ಟು ವರ್ಷ ತನ್ನ ಸೊಂಟದಲ್ಲಿ ಇದ್ದದ್ದು ಅಂಗೈಗೆ ಬಂದಾಗ ಗೋಡೆಯಕ್ಕ ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಮೇಲೆ ನಿಂತವನ ಭಯ ಎಂಥದ್ದೆಂದು ಆಗ ಗೊತ್ತಾಯಿತು, ಎರಡು ವರ್ಷ ಅವನಿಗೆ ಮೋಸ ಮಾಡಿದೆ ಎಂದು ನಾಚಿಕೆಯೂ ಆಯಿತು. ಗಳಿಗೆಗೊಂದು ಸಲ ಜಗ್ಗಿದಳು, ಕ್ಷೇಮವೇ. ಕೆಳಗಿನಿಂದ ಒಂದು ಜಗ್ಗು, ಕ್ಷೇಮ. ಆಮೇಲೆ ಮತ್ತೆ ಮತ್ತೆ ಕೇಳಿದ್ದಕ್ಕೆ ರೋಸಿಹೋಗಿ ಅವನು ಸುಮ್ಮನೆ ಜೋರಾಗಿ ಒಂದು ಎಳೆದ. ಅದೂ ಕ್ಷೇಮವೇ.

ಮಧ್ಯಾಹ್ನದ ಹೊತ್ತಿಗೆ ತೇಪೆ ಕಳಚಿತು. ಹಿಂದಿನ ಇಟ್ಟಿಗೆಗಳ ಮೇಲೊಂದು ಕೆಳಗೊಂದು ಸಂದಿಯಿಂದ ಹೆಬ್ಬೆರಳು ಗಾತ್ರದ ನೀರು ರಾಟೆಯಣ್ಣನ ಎದೆಗೇ ಹೊಡೆಯಿತು. ಎರಡು ಜಗ್ಗು. ನೀರು ತಾಗಿದರೆ ಉಬ್ಬಿ ಗಟ್ಟಿಯಾಗುವ ಅಂಟಿನ ಡಬ್ಬ ಇಳಿಯಿತು. ತುಂಬಿದ್ದು ಮೂರು ಸಲ ಕೊಚ್ಚಿಹೋಯಿತು. ನಾಲ್ಕನೆಯ ಸಲ ಗೋಡೆಯಕ್ಕ ಚೀಟಿ ಬರೆದು ಹಗ್ಗಕ್ಕೆ ಕಟ್ಟಿ ಕಳಿಸಿದಳು: "ಮೊದಲು ಕೆಳಗಿನ ಸಂದಿ. ಮೇಲಿನದು ಕೊನೆಗೆ." ಹಾಗೆ ಮಾಡಿದ ಮೇಲೆ ನಿಂತಿತು. ಮೇಲೆ ಬಂದ ರಾಟೆಯಣ್ಣ ಅಡಿಯಿಂದ ಮುಡಿಯವರೆಗೆ ನೆನೆದಿದ್ದ. ಅವಳ ಕಡೆ ನೋಡಿ, "ಹದಿನಾರು ವರ್ಷ ಈ ಕೆಲಸ ನಿನಗೆ ಮಾಡೋಕೆ ಬಿಟ್ಟು ನಾನು ಮೇಲೆ ನಿಂತಿದ್ದೆ, ನಾನೇ ಜಾಣ" ಎಂದ. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೆ ಮಾತಾಡಿದನಲ್ಲ, ಅವಳಿಗೆ ಅಷ್ಟು ಸಾಕಿತ್ತು.

ಮಾರನೆಯ ದಿನ ಗಾರೆ ಉಗುಳಿಸಿದರು. ಮೂರನೆಯ ದಿನ ಬೆಳಿಗ್ಗೆ ಪರೀಕ್ಷೆಗೆ ಸಾಮಾನು ಹೊತ್ತು ಹಲಗೆ ದಾರಿಯಲ್ಲಿ ನಡೆಯುತ್ತಿದ್ದಾಗ ಹಕ್ಕಿ ಮೇಷ್ಟ್ರು ಎದುರಾದರು. ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯ ಒಂದು ಬೆರಳು ಎತ್ತಿ ತೋರಿಸಿದರು. ಒಂದು ಮೊಟ್ಟೆ. ಹನ್ನೆರಡಕ್ಕೆ ಬೀಗ.

ಮುಚ್ಚಳದ ಜಾಗಕ್ಕೆ ಪರೀಕ್ಷೆಯ ತಟ್ಟೆ ಬಿಗಿದರು. ಗಾಳಿ ಎಳೆದರು. ಮುಳ್ಳು ಹತ್ತಕ್ಕೆ ಬಂತು. ಇಂಜಿನಿಯರಮ್ಮ ಗಡಿಯಾರ ಹಿಡಿದಳು. ರಾಟೆಯಣ್ಣ ಮುಳ್ಳನ್ನು ನೋಡಲಾರದೆ ಜೊಂಡಿನ ಕಡೆ ತಿರುಗಿ ನಿಂತ. ಗೋಡೆಯಕ್ಕ ಮಾತ್ರ ರೆಪ್ಪೆ ಬಡಿಯದೆ ಮುಳ್ಳನ್ನೇ ನೋಡಿದಳು. ಕಾಲು ನಿಮಿಷ. ಅರ್ಧ. ಮುಳ್ಳು ಒಂದು ಕೂದಲೆಳೆಯಷ್ಟು ಇಳಿದು ಅಲ್ಲೇ ನಿಂತಿತು. ಒಂದು ನಿಮಿಷ. ಅನುಮಾನ ಉಳಿಯಬಾರದೆಂದು ಇಂಜಿನಿಯರಮ್ಮ ಇನ್ನೂ ಒಂದು ನಿಮಿಷ ಬಿಟ್ಟಳು. ಮುಳ್ಳು ಅಲ್ಲಾಡಲಿಲ್ಲ.

ಯಾರೂ ಚಪ್ಪಾಳೆ ತಟ್ಟುವಂತಿರಲಿಲ್ಲ. ಹಕ್ಕಿ ಮೇಷ್ಟ್ರು ಎಲ್ಲರ ಕೈಯನ್ನೂ ಒಂದೊಂದು ಸಲ ಹಿಡಿದು ಅಲುಗಿಸಿದರು, ಅಷ್ಟೇ ಸಂಭ್ರಮ.

ಪರೀಕ್ಷೆಯ ಪುಸ್ತಕದಲ್ಲಿ ಇಂಜಿನಿಯರಮ್ಮ ಬರೆದದ್ದನ್ನು ಗೋಡೆಯಕ್ಕ ಓದಿದಳು. ಸೋರಿಕೆ ಪತ್ತೆಯಾದ ವಿಧಾನ: ಕೋಲು. ಪತ್ತೆ ಮಾಡಿದವರು ಎನ್ನುವಲ್ಲಿ ಅವಳ ನಿಜವಾದ ಹೆಸರಿತ್ತು. ಅದರ ಕೆಳಗೆ, ಆರೋಗ್ಯದ ಕಾಲಮ್ಮಿನಲ್ಲಿ, ಕಿವಿಯ ವಿಷಯವೂ ಮುಚ್ಚುಮರೆಯಿಲ್ಲದೆ ಇತ್ತು.

"ಆಪರೇಷನ್ ಮಾಡಿಸ್ಕೊಳ್ಳಿ ಅಕ್ಕ. ಅಲ್ಲಿವರೆಗೆ ಒಳಗೆ ಇಳಿಸಲ್ಲ. ಮುಂದಿನ ಕೆಲಸದಲ್ಲಿ ಮೇಲೆ ನಿಂತು ನಮಗೆಲ್ಲ ಕೋಲು ಹಿಡಿಯೋದು ಹೇಳ್ಕೊಡಿ" ಎಂದಳು ಇಂಜಿನಿಯರಮ್ಮ. "ಆಪರೇಷನ್ ಆದ್ಮೇಲೂ ಕಿವಿ ಸರಿ ಹೋಗ್ಲಿಲ್ಲ ಅಂದ್ರೆ ಏನು ಮಾಡೋದೋ ನನಗೆ ಗೊತ್ತಿಲ್ಲ. ಸುಳ್ಳು ಹೇಳಲ್ಲ."

"ಮಾಡಿಸ್ಕೊಳ್ತೀನಿ. ಕೆಳಗೆ ಇಳಿದೇ ಇಳೀತೀನಿ, ನೋಡ್ತಾ ಇರಿ" ಎಂದಳು ಗೋಡೆಯಕ್ಕ. "ಹೂಂ, ಆಯ್ತು ಬಿಡಿ" ಎನ್ನಲಿಲ್ಲ.

ಉಳಿದವರು ಸಾಮಾನು ಹೊತ್ತು ಮುಂದೆ ನಡೆದರು. ಅವಳು ಹಿಂದೆ ಉಳಿದು, ಮುಚ್ಚಿದ ಮ್ಯಾನ್‌ಹೋಲಿನ ಪಕ್ಕ ಮೊಣಕಾಲೂರಿ ಕೂತಳು. ಡಬ್ಬಿಯಿಂದ ಕೋಲು ತೆಗೆದು, ಮೊಳೆಯ ತುದಿಯನ್ನು ಗೋಡೆಯ ತಲೆಗೆ ಊರಿ, ಕೆಂಪು ದಾರದ ಕಡೆಯನ್ನು ಕಚ್ಚಿದಳು. ಎರಡು ವರ್ಷದಿಂದ ಸದ್ದಿಲ್ಲದ ಪ್ರತಿ ಗಳಿಗೆಯಲ್ಲೂ ಅವಳಿಗೆ ಒಂದೇ ಅನುಮಾನ, ಇದು ಕಿವಿಯ ತಪ್ಪೋ, ಜಗತ್ತೇ ಸುಮ್ಮನಿದೆಯೋ. ಈಗ ತಡೆ ತೆಗೆದ ತಳದ ಪೈಪಿನಲ್ಲಿ ಊರಿನ ನೀರು ತನ್ನ ದಾರಿ ಹಿಡಿದು ಹೋಗುತ್ತಿರುವುದು ಹಲ್ಲಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕೋಲನ್ನು ತೇಪೆಯಿದ್ದ ಕಡೆಗೆ ಸರಿಸಿದಳು, ಕಾದಳು. ಗೋಡೆಯ ಹಿಂದೆ ಏನೂ ಇರಲಿಲ್ಲ. ನಿಜವಾಗಿಯೂ ಏನೂ ಇರಲಿಲ್ಲ.

ಗೇಟಿನ ಹತ್ತಿರ ರಾಟೆಯಣ್ಣ ತಿರುಗಿ ನೋಡಿ, ಕೂಗಲು ಬಾಯಿ ತೆರೆದವನು ತಡೆದುಕೊಂಡು, ಗಾಳಿಯಲ್ಲೇ ಹಗ್ಗ ಹಿಡಿದವನಂತೆ ಮೂರು ಸಲ ಕೈ ಜಗ್ಗಿದ. ಅವಳು ಕೋಲನ್ನು ಡಬ್ಬಿಗೆ ಹಾಕಿ ಎದ್ದಳು.